ಏಳು ಗಂಟೆಯ ಹಸಿರು ಗುರುತು

ಚಾಮರಾಜಪೇಟೆ, ಬೆಂಗಳೂರು
ಭಾನುವಾರ, 17-11-2024

ಪ್ರೀತಿಯ ಹಂಸಕ್ಕನಿಗೆ,

ನಿನ್ನ ತಮ್ಮ ಬಸವಪ್ರಭು ಮಾಡುವ ಶರಣು. ಬೀದರಿನಲ್ಲಿ ಆಗಲೇ ಚಳಿ ಹಿಡಿದಿದೆಯಂತೆ, ನಿನ್ನ ಮಂಡಿ ನೋವು ಹೇಗಿದೆ? ಕಾಲೇಜಿನಲ್ಲಿ ಈಗಲೂ ಎರಡನೇ ಮಹಡಿಯಲ್ಲೇ ಪಾಠ ಮಾಡುತ್ತಿದ್ದೀಯಾ? ಪ್ರಿನ್ಸಿಪಾಲರಿಗೆ ಹೇಳಿ ಕೆಳಗಿನ ತರಗತಿ ಕೇಳಿಕೋ. ಊರಿನವರ ಮೇಲೆಲ್ಲ ಕೂಗಾಡುವ ನಿನಗೆ ಅಲ್ಲಿ ಮಾತ್ರ ಏಕೆ ಸಂಕೋಚವೋ ತಿಳಿಯದು. ಭಾವನವರ ಕೆಮ್ಮು ಕಡಿಮೆಯಾಯಿತೇ? ನಿನ್ನ ನಾದಿನಿ ವಾಣಿ ಚೆನ್ನಾಗಿದ್ದಾಳೆ. ಬೆಳಿಗ್ಗೆ ಎಂಟು ಗಂಟೆಯ ಬಸ್ಸು ಹಿಡಿದು ಆಫೀಸಿಗೆ ಓಡುವುದು, ಸಂಜೆ ಬಂದು ಒಲೆ ಹಚ್ಚುವುದು, ಅದರಲ್ಲೇ ಅವಳ ದಿನ ಮುಗಿಯುತ್ತದೆ. ನಾನು ಇದ್ದೇನೆ. ಐವತ್ತೆರಡಕ್ಕೇ ಎಪ್ಪತ್ತಾದವನ ಹಾಗೆ ಸುಸ್ತಾಗುತ್ತದೆ, ಆದರೆ ಅದು ಇವತ್ತಿನ ಮಾತಲ್ಲ.

ನಿನ್ನೆ ಬೆಳಿಗ್ಗೆ ಚಿಕ್ಕಪೇಟೆಯಲ್ಲಿ ಅಂಗಡಿ ಬಾಗಿಲು ಎತ್ತುತ್ತಿದ್ದಾಗ ನೀನು ಫೋನ್ ಮಾಡಿ, "ಅಪ್ಪನ ಮಾತ್ರೆಗೆ ಕೆಂಪು ಗುರುತು ಬಂದಿದೆ, ಏನ್ ಮಾಡ್ತಿದೀರ ಎಲ್ಲಾರೂ?" ಎಂದು ಗದರಿದೆ. ಆಮೇಲೆ ಹೇಳುತ್ತೇನೆ ಎಂದು ಇಟ್ಟುಬಿಟ್ಟೆ. ಅದನ್ನು ಹೇಳಲೆಂದೇ ಈ ಪತ್ರ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ಮಾತು ತಪ್ಪುತ್ತದೆ. ಮೆಸೇಜಾದರೆ ಹೆಬ್ಬೆರಳಿನ ಚಿತ್ರ ಕಳಿಸಿ ಮುಗಿಸುತ್ತೀಯ. ಮೊದಲು ದೊಡ್ಡ ವಿಷಯ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ. ಎಂಟನೇ ತಾರೀಕು ಶುಕ್ರವಾರ ಅಪ್ಪ ಬಚ್ಚಲ ಬಾಗಿಲಲ್ಲಿ ಬಿದ್ದರು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಬಿತ್ತು. ಮೂಳೆಗೆ ಏನೂ ಆಗಲಿಲ್ಲ. ಹೊಲಿಗೆ ಬಿಚ್ಚಿಯಾಗಿದೆ, ಈಗ ಓಡಾಡುತ್ತಿದ್ದಾರೆ. ನಿನಗೆ ತಿಳಿಸಲಿಲ್ಲ, ತಪ್ಪು ನನ್ನದೇ. ಅವರು ಬಿದ್ದ ದಿನವೂ ನಿನ್ನ ಫೋನಿಗೆ ಹಸಿರು ಗುರುತೇ ಬಂದಿತ್ತು.

ಜೂನ್ ತಿಂಗಳಲ್ಲಿ ಅಪ್ಪನ ಬಿಪಿ ಮಾತ್ರೆ ನೆನಪಿಸಲೆಂದು ಈ ಆ್ಯಪ್ ಹುಡುಕಿದ್ದು ನೆನಪಿದೆಯಲ್ಲ. ಆಸ್ಪತ್ರೆಯವರು ಕೊಟ್ಟಿದ್ದು ಬರೀ ಇಂಗ್ಲಿಷಿನಲ್ಲಿತ್ತು, ಬಿಟ್ಟೆವು. ನಿನ್ನ ಸಹೋದ್ಯೋಗಿ ಹೇಳಿದ್ದಕ್ಕೆ ದುಡ್ಡು ಕಟ್ಟಬೇಕಿತ್ತು, ಅದನ್ನೂ ಬಿಟ್ಟೆವು. ಕೊನೆಗೆ ಕನ್ನಡವಿದೆ, ನಾಲ್ಕೂವರೆ ನಕ್ಷತ್ರವಿದೆ, ಮನೆಯವರಿಗೆಲ್ಲ ಸುದ್ದಿ ಮುಟ್ಟಿಸುತ್ತದೆ ಎಂದು ಇದನ್ನು ನೀನೇ ಆರಿಸಿದೆ. ನಿನಗೆ ಗಂಡು ಹುಡುಕುವಾಗಲೂ ಅಪ್ಪ ಇಷ್ಟು ನಕ್ಷತ್ರ ನೋಡಿರಲಿಲ್ಲ. ಡಾಕ್ಟರ್ ವಿಶ್ವಾರಾಧ್ಯರನ್ನು ಕೇಳಿದಾಗ, "ಯಾವ್ದಾದ್ರೂ ಹಾಕ್ಕೊಳ್ರೀ, ನನ್ ಕಂಪ್ಯೂಟರಿಗೆ ಗ್ರಾಫ್ ಬಂದ್ರೆ ಸಾಕು" ಎಂದರು. ಹೊರಗೆ ನಲವತ್ತು ಜನ ಕಾಯುತ್ತಿರುವಾಗ ಅವರಾದರೂ ಇನ್ನೇನು ಹೇಳಿಯಾರು? ಅಪ್ಪನಿಗೆ ಸ್ಮಾರ್ಟ್‌ಫೋನ್ ಬೇಡ, ಅವರಿಗೆ ಲ್ಯಾಂಡ್‌ಲೈನೇ ಸರಿ. ಹಾಗಾಗಿ ಅದು ಬಂದು ಕೂತಿದ್ದು ನನ್ನ ಫೋನಿನಲ್ಲಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ದಿನಾ ಬೆಳಿಗ್ಗೆ ಏಳಕ್ಕೆ ಅದು ಗಂಟೆ ಬಾರಿಸುತ್ತದೆ. ಏಳಕ್ಕೆ ಅಪ್ಪ ಲಿಂಗಪೂಜೆಯಲ್ಲಿರುತ್ತಾರೆ. ಎಡಗೈಯಲ್ಲಿ ಲಿಂಗ, ಕಣ್ಣು ಅರೆಮುಚ್ಚಿರುತ್ತದೆ, ಮುಗಿಯುವಾಗ ಏಳೂ ಮುಕ್ಕಾಲು. ಅಲ್ಲಿಯವರೆಗೆ ನೀರೂ ಮುಟ್ಟುವವರಲ್ಲ, ಇನ್ನು ಮಾತ್ರೆ ಎಲ್ಲಿಂದ? ಮಾತ್ರೆಯನ್ನೂ ಲಿಂಗಕ್ಕೆ ಅರ್ಪಿಸಿಯೇ ತೆಗೆದುಕೊಳ್ಳಬೇಕೆಂದು ವಾಣಿಯಿಂದ ಪೂಜೆಯ ತಟ್ಟೆಯ ಪಕ್ಕದಲ್ಲೇ ಬಟ್ಟಲಿನಲ್ಲಿ ಇಡಿಸಿಕೊಳ್ಳುತ್ತಾರೆ. ಪೂಜೆಯ ನಡುವೆ ಫೋನ್ ಕಿರುಚಿಕೊಂಡರೆ ಮಾತಾಡುವ ಹಾಗಿಲ್ಲ, ಬಲಗೈ ಬೀಸಿ ನನ್ನನ್ನು ಓಡಿಸುತ್ತಾರೆ. ಸುಮ್ಮನಿರಿಸಿದರೆ ಹತ್ತು ನಿಮಿಷಕ್ಕೆ ಮತ್ತೆ ಕಿರುಚುತ್ತದೆ. ಅರ್ಧ ಗಂಟೆ ದಾಟಿತೋ, ನಿನಗೆ ಕೆಂಪು ಗುರುತು ಹೋಗಿ ಅಲ್ಲಿಂದ ನೀನು ಕಿರುಚುತ್ತೀಯ. ಮೊದಲ ವಾರದಲ್ಲೇ ಎರಡು ಸಲ ಬೈಸಿಕೊಂಡೆ. ಮೂರನೇ ದಿನದಿಂದ ಗಂಟೆಯಾದ ಕೂಡಲೇ "ಸೇವಿಸಲಾಗಿದೆ" ಎಂಬುದನ್ನು ಒತ್ತಿ, ನಿನಗೆ ಹಸಿರು ಗುರುತು ಕಳಿಸಿ, ಸ್ನಾನಕ್ಕೆ ಹೋಗತೊಡಗಿದೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂಬ ಲೆಕ್ಕ ನನ್ನದು. ಪೂಜೆ ಮುಗಿದ ಮೇಲೆ ತೆಗೆದುಕೊಂಡೇ ತೆಗೆದುಕೊಳ್ಳುತ್ತಾರಲ್ಲ ಎಂದುಕೊಂಡಿದ್ದೆ. ಐದು ತಿಂಗಳಲ್ಲಿ ಒಂದು ದಿನವೂ ತಿರುಗಿ ಬಂದು ನೋಡಲಿಲ್ಲ ಅಕ್ಕ. ಒಂದೇ ಮನೆಯಲ್ಲಿದ್ದೂ ನೋಡಲಿಲ್ಲ.

ಅಪ್ಪನ ಬಿಪಿ ಏರುತ್ತಲೇ ಹೋಯಿತು. ಡಾಕ್ಟರ್ ಕಂಪ್ಯೂಟರ್ ನೋಡಿ, "ಮಾತ್ರೆ ಒಂದಿನಾನೂ ತಪ್ಪಿಲ್ಲ, ಆದ್ರೂ ಇಳೀತಿಲ್ಲ" ಎಂದು ಆಗಸ್ಟಿನಲ್ಲಿ ಪವರ್ ಹೆಚ್ಚಿಸಿದರು. ಅಕ್ಟೋಬರಿನಲ್ಲಿ ಇನ್ನೊಂದು ಮಾತ್ರೆ ಸೇರಿಸಿದರು. ನೀನೂ ಆಗ, ಒಳ್ಳೆ ಡಾಕ್ಟರು, ಚೆನ್ನಾಗಿ ಗಮನಿಸ್ತಾರೆ ಎಂದಿದ್ದೆ. ಈ ತಿಂಗಳ ಐದನೇ ತಾರೀಕು ಅಪ್ಪನಿಗೆ ಜ್ವರ ಬಂತು. ಮೂರು ದಿನ ಹಾಸಿಗೆಯಲ್ಲೇ ಲಿಂಗವನ್ನು ಕಣ್ಣಿಗೊತ್ತಿಕೊಂಡು ಪೂಜೆ ಮುಗಿಸಿದರು. ವಾಣಿ ರಜೆ ಹಾಕಿ ಎರಡೂ ಮಾತ್ರೆಗಳನ್ನು ತನ್ನ ಕೈಯಿಂದಲೇ ಅವರ ಬಾಯಿಗೆ ಹಾಕಿ ನೀರು ಕುಡಿಸಿದಳು. ನಾಲ್ಕನೇ ದಿನ ಎದ್ದು ನಾಲ್ಕು ಹೆಜ್ಜೆ ನಡೆದವರು ಹಾಗೇ ಕುಸಿದರು. ಕ್ಲಿನಿಕ್ಕಿನಲ್ಲಿ ಬಿಪಿ ನೋಡಿದರೆ ಪಾತಾಳಕ್ಕಿಳಿದಿತ್ತು. ಐದು ತಿಂಗಳಿಂದ ನುಂಗುತ್ತಿರುವ ಮಾತ್ರೆಗೆ ಈಗ್ಯಾಕೆ ಹೀಗಾಯಿತು ಎಂದು ಡಾಕ್ಟರ್ ತಲೆ ಕೆಡಿಸಿಕೊಂಡು, ಮಾತ್ರೆ ನಿಲ್ಲಿಸಿ, ಹೃದಯದ ಪರೀಕ್ಷೆಗಳನ್ನೆಲ್ಲ ಬರೆದುಕೊಟ್ಟರು. ನಾನು ಬಾಯಿ ಬಿಡಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗಿತ್ತು ನನ್ನ ಸ್ಥಿತಿ.

ಕಳೆದ ಭಾನುವಾರ ವಾಣಿ ಹಿತ್ತಿಲಿನ ದಾಸವಾಳದ ಕುಂಡ ಕೆದಕುತ್ತಿದ್ದಳು. ಪೂಜೆಯ ಹಳೆಯ ಹೂವು, ಪತ್ರೆಯನ್ನೆಲ್ಲ ಅಪ್ಪ ಹಾಕುವುದು ಅದರಲ್ಲೇ. ಒಣಗಿದ ಪತ್ರೆಯ ಅಡಿಯಲ್ಲಿ ಅರ್ಧ ಕರಗಿದ ಮಾತ್ರೆಗಳು ಸಿಕ್ಕವು. ಹನ್ನೊಂದು ಎಣಿಸಿದೆವು, ಮಣ್ಣಾಗಿ ಹೋದವು ಎಷ್ಟೋ. ವಾಣಿ ಅವನ್ನು ನನ್ನ ಅಂಗೈಗೆ ಸುರಿದು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಗುರುವಾರ ಹೊಲಿಗೆ ಬಿಚ್ಚಿಸಲು ಹೋದಾಗ ಅಪ್ಪನನ್ನು ಹೊರಗೆ ಕೂರಿಸಿ ಡಾಕ್ಟರಿಗೆ ಎಲ್ಲ ಒಪ್ಪಿಕೊಂಡೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡು, "ನಂದೂ ತಪ್ಪಿದೆ ರೀ. ಒಂದ್ ಮಾತು ಅವರನ್ನೇ ಕೇಳ್ಬೋದಿತ್ತು" ಎಂದರು. ಹೆಚ್ಚಿಸಿದ ಮಾತ್ರೆಗಳೆಲ್ಲ ಆ ಮೂರು ದಿನ ನಿಜವಾಗಿ ಹೊಟ್ಟೆ ಸೇರಿದ್ದಕ್ಕೇ ಬಿಪಿ ಕುಸಿದಿತ್ತಂತೆ. ಹಳೆಯ ಒಂದೇ ಮಾತ್ರೆಗೆ, ಹಳೆಯ ಪವರಿಗೆ ಇಳಿಸಿದರು. ಆಮೇಲೆ, "ಜೂನ್‌ಗಿಂತ ಮುಂಚೆ ಇದೇ ಮಾತ್ರೆಗೆ ಬಿಪಿ ಸರಿಯಾಗೇ ಇತ್ತಲ್ಲ, ಆಗ ಯಾರು ಕೊಡ್ತಿದ್ರು?" ಎಂದು ಕೇಳಿದರು. ಯಾರೂ ಕೊಡುತ್ತಿರಲಿಲ್ಲ. ನೀನು ಏಳೂ ಮುಕ್ಕಾಲಿಗೆ ಲ್ಯಾಂಡ್‌ಲೈನಿಗೆ ಫೋನ್ ಮಾಡಿ, "ಅಪ್ಪಾ, ಮಾತ್ರೆ ತಗೊಂಡ್ರಾ?" ಎನ್ನುತ್ತಿದ್ದೆ. "ತಗೋತಿದೀನಿ ತಾಯಿ" ಎಂದು ರಿಸೀವರ್ ಹಿಡಿದುಕೊಂಡೇ ನುಂಗುತ್ತಿದ್ದರು. ಆ್ಯಪ್ ಬಂದ ಮೇಲೆ ನೀನು ಫೋನ್ ಮಾಡುವುದನ್ನು ಬಿಟ್ಟೆ.

ನಿನ್ನ ಮೇಲೆ ಹೊರಿಸುತ್ತಿದ್ದೇನೆ ಎಂದುಕೊಳ್ಳಬೇಡ. ದಿನಾ ಸುಳ್ಳು ಒತ್ತಿದವನು ನಾನು, ಅದನ್ನು ನಂಬಿ ನಿಶ್ಚಿಂತೆಯಿಂದಿದ್ದವಳು ನೀನು. ನಿನ್ನ ಜಾಗದಲ್ಲಿದ್ದರೆ ನಾನೂ ನಂಬುತ್ತಿದ್ದೆ. ಆದರೆ ನಿನ್ನೆಯಿಂದ ಒತ್ತುವುದನ್ನು ನಿಲ್ಲಿಸಿದ್ದೇನೆ. ಇನ್ನು ನನ್ನಿಂದ ಆಗುವುದಿಲ್ಲ ಅಕ್ಕ. ಆ ಗಂಟೆ ಕೇಳಿದರೆ ಅಪ್ಪನ ಹುಬ್ಬಿನ ರಕ್ತ ಕಣ್ಣ ಮುಂದೆ ಬರುತ್ತದೆ. ಬೈಯುವುದಿದ್ದರೆ ಬೈದುಬಿಡು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಭಾವನವರಿಗೆ ನಮ್ಮಿಬ್ಬರ ಶರಣು ತಿಳಿಸು. ಬಿಸಿನೀರಿನ ಶಾಖ ಕೊಟ್ಟುಕೋ, ಮಂಡಿಯನ್ನು ಅಲಕ್ಷ್ಯ ಮಾಡಬೇಡ.

ಇಂತಿ ನಿನ್ನ ತಮ್ಮ,
ಬಸವಪ್ರಭು

ತಾ.ಕ.: ಸೋಮವಾರ ಬೆಳಿಗ್ಗೆ. ಲಕೋಟೆ ಅಂಟಿಸುವ ಮೊದಲು ಇದನ್ನು ಸೇರಿಸುತ್ತಿದ್ದೇನೆ, ಅಂಗಡಿಗೆ ಹೊತ್ತಾಯಿತು. ಶುಕ್ರವಾರದಿಂದ ನಿನ್ನೆಯವರೆಗೆ ವಾಣಿಯೇ ಮಾತ್ರೆ ನುಂಗಿಸಿದ್ದಳು. ಇವತ್ತು ಸ್ನಾನ ಬಿಟ್ಟು ನಾನೇ ಕೂತು ನೋಡಿದೆ. ಪೂಜೆ ಮುಗಿಸಿ ಅಪ್ಪ ಲ್ಯಾಂಡ್‌ಲೈನಿನ ಪಕ್ಕದ ಕುರ್ಚಿಗೆ ಹೋಗಿ ಕೂತರು. ಮಾತ್ರೆ ಮುಷ್ಟಿಯಲ್ಲಿತ್ತು. "ನುಂಗಿ ಅಪ್ಪಾ" ಎಂದರೆ, "ಇರೋ, ಹಂಸಾ ಕೇಳ್ಲಿ" ಎಂದರು. ಬಸ್ಸಿಗೆ ಹೊರಟಿದ್ದ ವಾಣಿ ನಿಂತುಬಿಟ್ಟಳು. "ಅಯ್ಯೋ ರೀ, ಅವರು ದಿನಾ ಹೀಗೇ ಕೂರ್ತಿದ್ರು. ನಾನು ಕೈಯಲ್ಲಿರೋದು ಲಿಂಗ ಅಂದ್ಕೊಂಡಿದ್ದೆ" ಎಂದಳು. ಕಾದು ಕಾದು ಸಾಕಾಗಿ, ಮಾತ್ರೆಯನ್ನು ಹೂವಿನ ತಟ್ಟೆಗೇ ಹಾಕಿಕೊಂಡು ಏಳುತ್ತಿದ್ದರು ಎಂದು ಕಾಣುತ್ತದೆ. ಇವತ್ತು ಪುಸಲಾಯಿಸಿ ನುಂಗಿಸಿದ್ದೇನೆ. ಈ ಪತ್ರ ಗುರುವಾರ ನಿನ್ನ ಕೈ ಸೇರಬಹುದು. ಶುಕ್ರವಾರ ಏಳೂ ಮುಕ್ಕಾಲಿಗೆ ಫೋನ್ ಮಾಡು, ನನಗಲ್ಲ, ಅವರಿಗೆ. ಅಲ್ಲಿಯವರೆಗೆ ಅವರು ಕೇಳಿದರೆ, ನಿನ್ನ ಫೋನ್ ಕೆಟ್ಟಿದೆ ಎಂದು ಹೇಳುತ್ತಿರುತ್ತೇನೆ.