ಹಳೆಯ ಕ್ಯಾಮೆರಾದ ಹತ್ತು ಸೆಕೆಂಡು

ಗೊಳಸಂಗಿ
೯ ಫೆಬ್ರುವರಿ ೨೦೨೫, ರವಿವಾರ

ಪ್ರೀತಿಯ ಸುವರ್ಣಾ,

ಹೇಗಿದ್ದೀ? ಅಕ್ಷರ ನೋಡಿಯೇ ಯಾರೆಂದು ಗೊತ್ತಾಗಿರುತ್ತದೆ. ಬೋರ್ಡಿನ ಮೇಲೆ ನನ್ನ ಸಾಲು ಯಾವಾಗಲೂ ಏರು ಹತ್ತುತ್ತದೆ ಅಂತ ನಗುತ್ತಿದ್ದೆಯಲ್ಲ, ಇಲ್ಲೂ ಹತ್ತುತ್ತಿದೆ. ನಮ್ಮವರು ತೀರಿಕೊಂಡಾಗ ನೀನು ಆಲಮೇಲದಿಂದ ಬಸ್ ಬದಲಿಸಿ ಬದಲಿಸಿ ಬಂದು, ಬಾಗಿಲ ಹೊರಗೇ ನನ್ನ ಕೈ ಹಿಡಿದು ನಿಂತು, ನೀರು ಕೂಡ ಕುಡಿಯದೆ ಹೋದೆ. ನಿನಗೆ ಎರಡು ಸಾಲು ಬರೆಯಬೇಕು ಅಂದುಕೊಂಡೇ ಎರಡೂವರೆ ವರ್ಷ ಕಳೆದೆ. ತಪ್ಪಾಯಿತು. ಫೋನ್ ಇರಲಿಲ್ಲವೇ ಅನ್ನಬೇಡ. ನೀನು "ಹಲೋ" ಅಂದರೆ ನನಗೆ ಬಾಯಿ ಬರುವುದಿಲ್ಲ.

ಇಂಡಿ ಪಟ್ಟಣದಲ್ಲಿ ನಡೆದ ತರಬೇತಿಯಲ್ಲಿ ನಿಮ್ಮ ಶಾಲೆಯ ರಾವಸಾಬ ಸರ್ ಸಿಕ್ಕಿದ್ದರು. ನಿನ್ನ ಮಗಳು ಸಾಕ್ಷಿ ಬಿ.ಎಡ್. ಮುಗಿಸಿದಳಂತೆ. "ಅವ್ವನಕಿಂತಾ ಜೋರ ಅದಾಳ್ರಿ" ಅಂದರು. ಕೇಳಿ ಬಹಳ ಸಂತೋಷವಾಯಿತು. ಇಲ್ಲಿ ನಮ್ಮ ಸ್ಟಾಫ್ ರೂಮಿನಲ್ಲಿ ಕಿಟಕಿ ಪಕ್ಕದ ನಿನ್ನ ಕುರ್ಚಿಗೆ ಮೂವರು ಬಂದು ಹೋದರು. ಒಳ್ಳೆಯವರೇ. ಆದರೆ ನನ್ನ ಡಬ್ಬಿ ಕೇಳದೆ ತೆಗೆದು ತಿನ್ನುವವರು ಯಾರೂ ಇಲ್ಲ. ಮಧ್ಯಾಹ್ನ ರೊಟ್ಟಿ ಮನೆಗೇ ವಾಪಸು ಹೋಗುತ್ತದೆ.

ಈಗ ಬರೆಯುವ ಕಾರಣಕ್ಕೆ ಬರುತ್ತೇನೆ. ಹೋದ ತಿಂಗಳು ನಾನು ಹೊಸ ಕ್ಯಾಮೆರಾ ತಗೊಂಡೆ. ನಗಬೇಡ. ರವಿವಾರ ಮನೆಯಲ್ಲಿ ಕೂತರೆ ಗೋಡೆ ಮೈಮೇಲೆ ಬರುತ್ತದೆ, ಅದಕ್ಕೆ ಆಲಮಟ್ಟಿಯ ಹಿನ್ನೀರಿಗೆ ಹಕ್ಕಿ ನೋಡಲು ಹೋಗುತ್ತೇನೆ. ನಾವಿಬ್ಬರೂ ಪಗಾರದಲ್ಲಿ ಸರಿಪಾಲು ಹಾಕಿ ಬಿಜಾಪುರದಲ್ಲಿ ಕೊಂಡ ಆ ಚಿಕ್ಕ ಕ್ಯಾಮೆರಾದಲ್ಲಿ ಹಕ್ಕಿ ಎಳ್ಳುಕಾಳಿನಷ್ಟೇ ಕಾಣುತ್ತದೆ. ಝೂಮ್ ಅರ್ಧಕ್ಕೆ ಬಂದು ನಿಲ್ಲುತ್ತದೆ, ನೀನು ಮಾಡುತ್ತಿದ್ದಂತೆ ತಲೆಗೊಂದು ತಟ್ಟಬೇಕು.

ಬಾಗೇವಾಡಿಯಲ್ಲಿ ಅಂಗಡಿಯ ಜಾಹಿದ, "ಟೀಚರ, ಇನ್ನ ಈ ಹಳೇದ ಇಟ್ಕೊಂಡು ಏನ್ ಮಾಡ್ತೀರಿ? ನನಗ ಕೊಡ್ರಿ, ಹೊಸಾದಕ್ಕ ಒಂದ ಛಲೋ ಚೀಲಾ ಕೊಡ್ತೇನಿ" ಅಂದ. ಆಗಲಿ ಅಂದು ಮನೆಗೆ ಬಂದೆ. ಕೊಡುವ ಮೊದಲು ಒಳಗಿನ ಫೋಟೋಗಳನ್ನು ತೆಗೆದಿಡಬೇಕಲ್ಲ. ಶಾಲೆಯ ಕಂಪ್ಯೂಟರಿನ ಮುಂದೆ ಎರಡು ಸಂಜೆ ಕೂತೆ.

ಎಲ್ಲರೂ ಇದ್ದಾರೆ ಸುವರ್ಣಾ. ನಮ್ಮವರು, ನಮ್ಮತ್ತೆ ಸಿದ್ದವ್ವ, ನಾದಿನಿ, ಪರಪ್ಪ ಮಾವ, ತೊಟ್ಟಿಲಲ್ಲಿ ನನ್ನ ಮಗಳು. ನೀನು ಮಾತ್ರ ಇಲ್ಲ. ನಮ್ಮ ಮನೆಯ ಒಂದು ಕಾರ್ಯವನ್ನೂ ನೀನು ತಪ್ಪಿಸಿದವಳಲ್ಲ, ಆದರೂ ಇಲ್ಲ. ಒಂದೇ ಒಂದರಲ್ಲಿ ಸಿಕ್ಕೆ. ಕ್ಯಾಮೆರಾ ತಂದ ಮರುದಿನ ಶಾಲೆಯ ಕಟ್ಟೆಯ ಮೇಲಿಟ್ಟು, ಟೈಮರ್ ಒತ್ತಿ, "ಹತ್ತ ಸೆಕೆಂಡ್ ಐತಿ, ನಿಲ್ಲ ಸುಮ್ಮ!" ಅಂತ ಚೀರುತ್ತ ಓಡಿ ಬಂದು ನನ್ನ ಹೆಗಲಿಗೆ ಬಿದ್ದೆಯಲ್ಲ, ಅದು. ನಾನು ಸೆರಗು ಸರಿಪಡಿಸುತ್ತಿದ್ದೇನೆ, ನಿನ್ನ ಒಂದು ಕಾಲಿನ ಚಪ್ಪಲಿ ಹಿಂದೆಯೇ ಬಿದ್ದಿದೆ.

ಮೊದಲು ಅಂದುಕೊಂಡೆ, ಫೋಟೋ ತೆಗೆಯುವವಳು ಫೋಟೋದಲ್ಲಿ ಹೇಗೆ ಇರುತ್ತಾಳೆ ಅಂತ. ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದೆ. ಪಂಕ್ತಿ ಕೂಡುವ ಹೊತ್ತಿಗೆ, ಹೆಂಗಸರ ಉಡಿ ತುಂಬುವ ಹೊತ್ತಿಗೆ ನಮ್ಮತ್ತೆ ಸರಿಯಾಗಿ ನಿನ್ನ ಕೈಗೆ ಕ್ಯಾಮೆರಾ ಕೊಡುತ್ತಿದ್ದರು. "ನೀ ಫೋಟೋ ತಗಿಯವ್ವಾ, ನಿನ್ನ ಕೈಯಾಗ ಭಾಳ ಛಲೋ ಬರ್ತಾವು." ನೀನು ತೆಗೆಯುತ್ತಿದ್ದೆ. ತೆಗೆದು ಮುಗಿಯುವಷ್ಟರಲ್ಲಿ ಅಕ್ಕಿ, ಕೊಬ್ಬರಿ, ಕುಬಸದ ಖಣ ಎಲ್ಲ ಮುಗಿದಿರುತ್ತಿತ್ತು. ನಿನ್ನ ಊಟ ಹಿಂದಿನಿಂದ, ಪಡಸಾಲೆಯಲ್ಲಿ, ಒಬ್ಬಳೇ. ಜಾತಿ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಒಂದು ದಿನ ಆಡಲಿಲ್ಲ. ಕ್ಯಾಮೆರಾ ಕೊಟ್ಟೆವು, ಅಷ್ಟೇ. ನಿಮ್ಮ ಮನೆಯಲ್ಲಿ ಬುದ್ಧನ ಫೋಟೋ ಇದೆ, ಇವಳು ಉಡಿಗಿಡಿ ನಂಬುವವಳಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೆ.

ಮೂರು ವಾರದ ಹಿಂದೆ ಬಾಗೇವಾಡಿಯಲ್ಲಿ ನಾದಿನಿಯ ಹೊಸ ಮನೆಯ ಪ್ರವೇಶವಿತ್ತು. ಹೊಸ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಜಂಬದಿಂದ ಹೋದೆ. ಮುತ್ತೈದೆಯರು ಸಾಲಾಗಿ ಕೂತರು. ನಾನೂ ಅಭ್ಯಾಸಬಲದಿಂದ ಜಮಖಾನೆಯ ತುದಿಯಲ್ಲಿ ಕೂತುಬಿಟ್ಟೆ. ನಮ್ಮತ್ತೆ ಬಂದು ಮೆಲ್ಲಗೆ ನನ್ನ ಭುಜ ಮುಟ್ಟಿ ಅಂದರು, "ಏಳವ್ವಾ, ನೀ ಫೋಟೋ ತಗಿ. ನಿನ್ನ ಕೈಯಾಗ ಭಾಳ ಛಲೋ ಬರ್ತಾವು."

ಅದೇ ಮಾತು, ಅದೇ ಮೆತ್ತಗಿನ ದನಿ. ಅವರಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಎದ್ದೆ. ಎಲ್ಲರ ಫೋಟೋ ತೆಗೆದೆ. ಕ್ಯಾಮೆರಾ ಮುಖಕ್ಕೆ ಹಿಡಿದರೆ ಒಂದು ಅನುಕೂಲ, ಕಣ್ಣು ಯಾರಿಗೂ ಕಾಣುವುದಿಲ್ಲ. ನಿನಗೆ ಇದು ಎಂದೋ ಗೊತ್ತಿರಬೇಕು.

ಮರುದಿನ ಹಳೆಯದನ್ನು ಜಾಹಿದನಿಗೆ ಕೊಡಲು ಹೋದೆ. ಅವನು ಒಂದೊಂದೇ ಗುಂಡಿ ಒತ್ತಿ ನೋಡಿದ. ಎದುರಿನ ಟೈಮರಿನ ಕೆಂಪು ದೀಪ ಮಿಣುಕತೊಡಗಿತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. "ಬ್ಯಾಡಪ್ಪಾ, ಇದು ನನ್ನೊಬ್ಬಾಕಿದಲ್ಲ" ಅಂದು ಕಸಿದುಕೊಂಡು ಬಂದೆ. ಅವನು ಚೀಲ ಹಿಡಿದು ನೋಡುತ್ತಲೇ ನಿಂತ.

ಈಗ ಅದು ನನ್ನ ಮೇಜಿನ ಮೇಲಿದೆ. ಇಟ್ಟುಕೊಳ್ಳಲೇ, ಕೊಡಲೇ, ತೀರ್ಮಾನ ಆಗುತ್ತಿಲ್ಲ. ಇಟ್ಟುಕೊಳ್ಳುವ ಮುಖ ನನಗಿಲ್ಲ, ಮಾರುವ ಹಕ್ಕು ಮೊದಲೇ ಇಲ್ಲ. ನಿನಗೆ ಬೇಕೆಂದರೆ ಹೇಳು, ಸಿಂದಗಿ ಬಸ್ ಹಿಡಿದು ನಾನೇ ತಂದು ಕೊಡುತ್ತೇನೆ. ಕೊಬ್ಬರಿ, ಖಣ ಹಿಡಿದುಕೊಂಡು ಬರುವುದಿಲ್ಲ, ಹೆದರಬೇಡ. ಈಗ ಅದನ್ನು ತಂದರೆ ನೀನು ಬಾಗಿಲು ಹಾಕಿಕೊಂಡರೂ ಸರಿಯೇ. ಬರಬೇಡ ಅಂದರೆ ಬರುವುದಿಲ್ಲ, ಆದರೆ ಅಷ್ಟನ್ನಾದರೂ ನಿನ್ನ ಕೈಯಿಂದ ಬರೆ. ನಿನ್ನ ನೆನಪು ಬಹಳ ಬರುತ್ತದೆ ಸುವರ್ಣಾ.

ಸಾಕ್ಷಿಗೆ ನನ್ನ ಆಶೀರ್ವಾದ. ಅವಳಿಗೆ ಬೇಗ ನೌಕರಿ ಸಿಗಲಿ, ಎಲ್ಲರ ನಡುವೆ ಕೂತು ಉಣ್ಣುವ ಶಾಲೆಯೇ ಸಿಗಲಿ. ನೀವೆಲ್ಲ ಸುಖವಾಗಿರಿ.

ನಿನ್ನ
ಜಯಮಾಲಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ನಾದಿನಿಯ ಮೊದಲ ಬಸಿರಿನ ಕುಬಸದ ದಿನ ನೆನಪಿದೆಯೇ? ಹೆಂಗಸರೆಲ್ಲ ಸಾಲಾಗಿ ಕೂತಾಗ ನೀನು ಕ್ಯಾಮೆರಾವನ್ನು ಕಿಟಕಿಯಲ್ಲಿಟ್ಟು, "ಜಯಾ, ಟೈಮರ್ ಇಡ್ತೇನಿ, ಇವತ್ತ ನಾನೂ ಬಂದು ಕುಂಡ್ರತೇನಿ" ಅಂದೆ. ಅತ್ತೆ ನನ್ನ ಮುಖ ನೋಡಿದರು. ನಾನು "ಟೈಮರ್ ಕೆಟ್ಟೈತಿ" ಅಂದೆ. ನೀನು ಒಂದು ಗಳಿಗೆ ನನ್ನನ್ನು ನೋಡಿ, ಕ್ಯಾಮೆರಾ ಎತ್ತಿಕೊಂಡು ನಮ್ಮೆಲ್ಲರ ಫೋಟೋ ತೆಗೆದೆ. ಅದರಲ್ಲಿ ನಾನು ನಗುತ್ತಿದ್ದೇನೆ. ಆ ಜೂನಿನಲ್ಲೇ ನೀನು ಆಲಮೇಲಕ್ಕೆ ವರ್ಗ ಮಾಡಿಸಿಕೊಂಡೆ. ಯಾಕೆಂದು ನಾನು ಕೇಳಲಿಲ್ಲ. ಟೈಮರ್ ಅಂದು ಕೆಟ್ಟಿರಲಿಲ್ಲ ಸುವರ್ಣಾ. ನನಗೆ ಗೊತ್ತಿತ್ತು. ನಿನಗೂ ಗೊತ್ತಿತ್ತು.