ಈಳಿಗೆಯ ತಗ್ಗು

ಬನಶಂಕರಿ ಎರಡನೇ ಹಂತ
12 ಅಕ್ಟೋಬರ್ 2025, ಭಾನುವಾರ

ಪ್ರೀತಿಯ ಶ್ರೀದೇವಿಗೆ ಶರಣು.

ದಿನವೂ ಫೋನ್ ಮಾಡುವವನು ಪತ್ರ ಯಾಕೆ ಬರೆದ ಎಂದು ನಿನಗೆ ಆಶ್ಚರ್ಯವಾಗಬಹುದು. ಹಾಲು ಬಂತಾ, ಗ್ಯಾಸ್ ಬುಕ್ ಮಾಡಿದ್ರಾ, ನಿನ್ನ ಅಕ್ಕ ರೇಣುಕವ್ವನ ಮಂಡಿ ಹೇಗಿದೆ, ಇಷ್ಟರಲ್ಲಿ ನಮ್ಮ ಎರಡು ನಿಮಿಷ ಮುಗಿಯುತ್ತದೆ. ನಾನು ಹೇಳಬೇಕಾದದ್ದು ಆ ಎರಡು ನಿಮಿಷದಲ್ಲಿ ಹಿಡಿಸುವುದಿಲ್ಲ.

ನಿನ್ನೆ ಹಳೆಯ ಚಾಕು, ಚೂರಿ ಸಂಗ್ರಹಿಸುವ ನಮ್ಮ ಅಲಗು ಬಳಗದವರು ಗೊಟ್ಟಿಗೆರೆಯ ಆಚೆ ಇರುವ ಒಂದು ಚಾಕು ಕಾರ್ಖಾನೆಗೆ ಹೋಗಿದ್ದೆವು. ಅದರ ವಿಷಯವೇ ಬರೆಯುತ್ತೇನೆ. ಉಳಿದದ್ದು ತಾನಾಗಿಯೇ ಬರುತ್ತದೆ.

ಬೆಳಗ್ಗೆ ಎಂಟಕ್ಕೆ ಜೆ.ಪಿ. ನಗರದಲ್ಲಿ ಅಧ್ಯಕ್ಷ ಚನ್ನಬಸವಯ್ಯನವರ ಮನೆಯ ಮಹಡಿಯಲ್ಲಿ ಸೇರಿದೆವು. ಹದಿನಾಲ್ಕು ಜನ. ಪ್ರತಿಯೊಬ್ಬರೂ ಒಂದೊಂದು ಅಲಗು ತರಬೇಕು, ಅದು ಯಾರ ಕೈಯಲ್ಲಿ ಏನು ಕೆಲಸ ಮಾಡಿತು ಎಂದು ಹೇಳಬೇಕು. ನಮ್ಮ ನಿಯಮ ನಿನಗೆ ಗೊತ್ತು. ಅಲಗನ್ನು ಕೈಯಿಂದ ಕೈಗೆ ಕೊಡುವಂತಿಲ್ಲ. ಬಟ್ಟೆಯ ಮೇಲೆ ಇಡಬೇಕು, ಬೇಕಾದವರು ತಾವೇ ಎತ್ತಿಕೊಳ್ಳಬೇಕು. ಕೈಗೆ ಕೊಟ್ಟರೆ ಜಗಳ ಬರುತ್ತದೆ ಎಂದು ನಿಮ್ಮಮ್ಮನೂ ಹೇಳುತ್ತಿದ್ದರು. ಚನ್ನಬಸವಯ್ಯನವರು ಎಪ್ಪತ್ತೆಂಟರ ವಯಸ್ಸಿನಲ್ಲೂ ಮಂಡಿಯೂರಿ ಕೂತು ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ. ಪಶುವೈದ್ಯರಾಗಿದ್ದವರು. ಹಸುವಿನ ಕಿವಿ ಹಿಡಿದಷ್ಟೇ ಮೃದುವಾಗಿ ಚೂರಿ ಹಿಡಿಯುತ್ತಾರೆ.

ಬಿ.ಟಿ.ಎಂ.ನಲ್ಲಿ ಗ್ಯಾರೇಜ್ ಇಟ್ಟಿರುವ ಕೈಲಾಸ್ ವ್ಯಾನ್ ತರಿಸಿದ್ದ. ನಾವೆಲ್ಲ ಬಟ್ಟೆ ಸುತ್ತಿದ ಗಂಟು ಹಿಡಿದು ಹತ್ತುವುದನ್ನು ಡ್ರೈವರ್ ಕನ್ನಡಿಯಲ್ಲಿ ನೋಡುತ್ತಿದ್ದ. ಒಂದು ಗಂಟಿನಿಂದ ಹಿಡಿಯೊಂದು ಹೊರಬಂದದ್ದೇ ತಡ, "ಸಾರ್, ಯಾರ್ ಮೇಲೆ ಹೋಗ್ತಿದೀರಾ? ನಾನು ದೂರದಲ್ಲೇ ನಿಲ್ಲಿಸ್ತೀನಿ" ಅಂದ. ಕೈಲಾಸ್ ಬಿಡಲಿಲ್ಲ. "ಹೆದರ್ಬೇಡ ಗುರು, ಇಲ್ಲಿರೋರಲ್ಲಿ ಅರ್ಧ ಜನಕ್ಕೆ ಟೊಮ್ಯಾಟೊ ಹೆಚ್ಚೋಕೂ ಬರಲ್ಲ" ಅಂದ. ಎಲ್ಲರೂ ನಕ್ಕರು. ಅವನು ಹೇಳಿದ್ದು ನಿಜವಾದ್ದರಿಂದ ನಾನು ಸ್ವಲ್ಪ ಕಡಿಮೆ ನಕ್ಕೆ.

ನನ್ನ ಗಂಟಿನಲ್ಲಿ ಇದ್ದದ್ದು ನಿಮ್ಮಮ್ಮನ ಈಳಿಗೆಮಣೆ.

ಕಾರ್ಖಾನೆ ದೊಡ್ಡದಲ್ಲ. ಮೂರು ಶೆಡ್, ನಲವತ್ತು ಜನ. ಉಕ್ಕಿನ ಹಾಳೆಯಿಂದ ಚಾಕುವಿನ ಆಕಾರ ಕತ್ತರಿಸುತ್ತಾರೆ, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಆಗ ಉಕ್ಕು ಗಾಜಿನಂತೆ ಬಿರುಸಾಗುತ್ತದೆ, ಬಿದ್ದರೆ ಮುರಿಯುತ್ತದೆ. ಅದಕ್ಕೇ ಎರಡು ಗಂಟೆ ಸಣ್ಣ ಕಾವಿನಲ್ಲಿ ಮತ್ತೆ ಇಟ್ಟು ಹದ ಮಾಡುತ್ತಾರೆ. ಮೂವತ್ತೊಂದು ವರ್ಷ ತಪಾಸಣೆ ವಿಭಾಗದಲ್ಲಿ ಅಳತೆ ನೋಡಿದವನು ನಾನು. ಅಷ್ಟು ಶಿಸ್ತಿನ ಕೆಲಸ ಕಂಡು ನಿಜಕ್ಕೂ ಸಂತೋಷವಾಯಿತು.

ಆದರೆ ನಾನು ಮುಖ್ಯವಾಗಿ ಬರೆಯಬೇಕಾದದ್ದು ಬಸವಲಿಂಗಮ್ಮನ ವಿಷಯ. ಐವತ್ತು ದಾಟಿದ ಹೆಂಗಸು. ಇಪ್ಪತ್ತೇಳು ವರ್ಷದಿಂದ ಕೊನೆಯ ಸಾಣೆ ಅವಳದೇ. ಪಕ್ಕದಲ್ಲಿ ಹಳೆಯ ದಿನಪತ್ರಿಕೆಗಳ ರಾಶಿ. ಸಾಣೆ ಹಿಡಿದ ಪ್ರತಿ ಚಾಕುವಿನಿಂದಲೂ ಒಂದು ಪಟ್ಟಿ ಕಾಗದ ಸೀಳುತ್ತಾಳೆ, ಸೀಳುವಾಗ ನೋಡುವುದಿಲ್ಲ, ಕೇಳುತ್ತಾಳೆ. ಸರಿಯಾದ ಅಲಗು ಸದ್ದಿಲ್ಲದೆ ಇಳಿಯುತ್ತದೆ. ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಕ್ಕಿನ ಮುಳ್ಳು ಉಳಿದಿದ್ದರೂ ಕಾಗದ ಕರಕರ ಅನ್ನುತ್ತದಂತೆ. ನಾನು ಕಿವಿಗೊಟ್ಟೆ. ನನಗೆ ಎರಡೂ ಒಂದೇ ಥರ ಕೇಳಿಸಿತು. ಅವಳು ಪಕ್ಕಕ್ಕಿಟ್ಟ ಒಂದು ಚಾಕುವನ್ನು ಭೂತಗನ್ನಡಿಯಲ್ಲಿ ನೋಡಿದೆ. ತುದಿಯಿಂದ ಎರಡು ಬೆರಳು ಹಿಂದೆ ಮುಳ್ಳು ಇತ್ತು. "ಪೇಪರ್ ಓದೋರು ನೀವು, ಕೇಳೋಳು ನಾನು ಸಾರ್" ಎಂದು ನಕ್ಕಳು.

ಊಟದ ಬಿಡುವಿನಲ್ಲಿ ಈಳಿಗೆಯನ್ನು ಅವಳ ಮುಂದೆ ಇಟ್ಟೆ. ನಾನು ಅಂದುಕೊಂಡು ಹೋಗಿದ್ದೇ ಅದಕ್ಕೆ, ಇದನ್ನು ಮೊದಲಿನಂತೆ ಮಾಡಿಸಿ ನಿನಗೆ ತಂದುಕೊಡಬೇಕು ಎಂದು. ಅವಳು ಹೆಬ್ಬೆರಳನ್ನು ಅಲಗಿಗೆ ಅಡ್ಡವಾಗಿ ಒಂದು ಸಲ ಆಡಿಸಿದಳು. ಆಮೇಲೆ ಮಣೆಯನ್ನು ಸವರಿದಳು. "ಮಣೆ ಮೇಲೆ ಕಾಲಿಟ್ಟು ಕಾಲಿಟ್ಟು ಮರ ಸವೆದಿದೆ. ಮೂವತ್ತು ವರ್ಷ ಆದ್ರೂ ಹೆಚ್ಚಿರ್ಬೇಕು. ಅಲಗಲ್ಲಿ ಮಾತ್ರ ಸವೆದ ತಗ್ಗು ಒಂಚೂರೂ ಇಲ್ಲ. ಯಾರ್ ಸಾರ್ ತೆಗ್ದಿದ್ದು?" ಅಂದಳು.

"ನಾನೇ" ಅಂದೆ.

ಶ್ರೀದೇವಿ, ಆ ಮಾತನ್ನು ನಾನು ಮೊದಲು ನಿನಗೆ ಹೇಳಬೇಕಿತ್ತು.

ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮರುದಿನ ತಿದ್ದುಪಡಿ ಹಾಕುತ್ತಾರೆ. ನನ್ನದು ಎಂಟು ತಿಂಗಳು ತಡ. ನಡೆದದ್ದು ಇಷ್ಟು. ಜನವರಿ 26ರ ಬಳಗದ ಪ್ರದರ್ಶನಕ್ಕೆ ಈಳಿಗೆ ಕೇಳಿದಾಗ ನೀನು, "ತಗೊಂಡ್ ಹೋಗಿ, ಆದ್ರೆ ಹೇಗಿದೆಯೋ ಹಾಗೇ ವಾಪಸ್ ತನ್ನಿ" ಅಂದಿದ್ದೆ. ಹಿಂದಿನ ದಿನ ನೀನು ಅಕ್ಕನ ಮನೆಗೆ ಹೋಗಿದ್ದಾಗ ಅದನ್ನು ನನ್ನ ಕೆಲಸದ ಮೇಜಿಗೆ ತಂದೆ. ಕತ್ರಿಗುಪ್ಪೆಯ ಖಾನಾವಳಿಯಲ್ಲಿ ನಿಮ್ಮಮ್ಮ ಶರಣಮ್ಮನವರು ಮೂವತ್ತೆರಡು ವರ್ಷ ಬದನೆಕಾಯಿ, ಈರುಳ್ಳಿ ಹೆಚ್ಚಿ ಹೆಚ್ಚಿ ಅಲಗಿನ ನಡುವೆ ಬಿದ್ದಿದ್ದ ತಗ್ಗು ನನ್ನ ಕಣ್ಣಿಗೆ ದೋಷವಾಗಿ ಕಂಡಿತು. ಅಳೆದೆ. ನಾಲ್ಕು ಮಿಲಿಮೀಟರ್ ಆಳ. ಉಳಿದ ಅಲಗನ್ನೆಲ್ಲ ಗ್ರೈಂಡರ್‌ನಲ್ಲಿ ನಾಲ್ಕು ಮಿಲಿಮೀಟರ್ ತೇಯ್ದು ಬಾಗನ್ನು ಒಂದೇ ಸಮ ಮಾಡಿದೆ. ಕಪ್ಪು ಹೋಗುವವರೆಗೆ ಉಜ್ಜಿದೆ. ಬುಡದಲ್ಲಿ ಕಮ್ಮಾರ ತನ್ನ ಗುರುತಾಗಿ ಹೊಡೆದಿದ್ದ ಮೂರು ಚುಕ್ಕಿಗಳೂ ಅದರ ಜೊತೆ ಹೋದವು. ಪ್ರದರ್ಶನದಲ್ಲಿ ಅದು ಕನ್ನಡಿಯಂತೆ ಹೊಳೆಯಿತು, ಹಲವರು ಹೊಗಳಿದರು. ಚನ್ನಬಸವಯ್ಯನವರು ಮಾತ್ರ ನೋಡಿ, ಬಟ್ಟೆ ಮುಚ್ಚಿ, ಮುಂದಕ್ಕೆ ಹೋದರು.

ಎರಡು ದಿನದ ನಂತರ ನೀನು ಹುರುಳಿಕಾಯಿ ಹಿಡಿದು ಈಳಿಗೆಯ ಮುಂದೆ ಕೂತೆ, ಒಂದನ್ನೂ ಹೆಚ್ಚಲಿಲ್ಲ. ಕೈ ತಾನಾಗಿಯೇ ಹೋಗುತ್ತಿದ್ದ ಜಾಗ ಅಲ್ಲಿರಲಿಲ್ಲ. ಏನ್ರೀ ಇದು ಎಂದು ಕೇಳಿದೆ. ಸಾಣೆ ಹಿಡಿಯುವ ಮುತ್ತುರಾಜನಿಗೆ ಕೊಟ್ಟಿದ್ದೆ, ಅವನು ಜಾಸ್ತಿ ತೇಯ್ದುಬಿಟ್ಟಿದ್ದಾನೆ ಎಂದು ನಾನು ಹೇಳಿದೆ. ಆ ಶನಿವಾರ ಅವನು ಸೈಕಲ್ ತಂದು ಗೇಟಿನ ಮುಂದೆ ನಿಲ್ಲಿಸಿದಾಗ ನೀನು ಬೀದಿಯವರೆಲ್ಲ ಕೇಳುವಂತೆ ಬೈದೆ. ಅವನು ನಿನ್ನನ್ನು ನೋಡಲಿಲ್ಲ. ಬಾಗಿಲಲ್ಲಿ ಪತ್ರಿಕೆ ಹಿಡಿದು ನಿಂತಿದ್ದ ನನ್ನನ್ನು ನೋಡಿದ. ನಾನು ಪುಟ ತಿರುಗಿಸಿದೆ. ಅವನು ಸೈಕಲ್ ಸ್ಟ್ಯಾಂಡ್ ತೆಗೆದು ಹೊರಟುಹೋದ, ಮತ್ತೆ ನಮ್ಮ ಬೀದಿಗೆ ಬರಲಿಲ್ಲ.

ಫೆಬ್ರವರಿ 9ಕ್ಕೆ ಅಕ್ಕನ ಮಂಡಿ ಆಪರೇಷನ್ ಎಂದು ನೀನು ವಿಲ್ಸನ್ ಗಾರ್ಡನ್‌ಗೆ ಹೋದೆ. ಅಕ್ಕ ಜೂನ್‌ನಿಂದ ಲಾಲ್‌ಬಾಗ್‌ನಲ್ಲಿ ವಾಕಿಂಗ್ ಹೋಗುತ್ತಿದ್ದಾರೆ. ನೀನು ಬರಲಿಲ್ಲ. ನಾನು ಕಾರಣ ಕೇಳಲಿಲ್ಲ. ಕೇಳಿದರೆ ನೀನು ಹೇಳಿಬಿಡುತ್ತೀಯೆಂಬ ಭಯವಿತ್ತು.

ಇನ್ನು ಈಳಿಗೆಯ ವಿಷಯ. ಕಾರ್ಖಾನೆಯ ಮಾಲೀಕರು ಹಳೆಯ ಫೋಟೋ ಇದ್ದರೆ ಕೊಡಿ, ಅದೇ ಆಕಾರಕ್ಕೆ ಹೊಸ ಅಲಗು ಮಾಡಿ ಕೂರಿಸೋಣ, ತಗ್ಗನ್ನೂ ಹಾಕೋಣ ಅಂದರು. ನಾನು ಒಪ್ಪುವುದರಲ್ಲಿದ್ದೆ. ಬಸವಲಿಂಗಮ್ಮ ಬೇಡ ಅಂದಳು. "ಸಾಣೆ ಇರೋದು ತೆಗ್ಯೋಕೆ ಸಾರ್, ಹಾಕೋಕಲ್ಲ. ಹೋದ ಕಬ್ಬಿಣ ಹೋಯ್ತು. ಮಿಷನ್ನಲ್ಲಿ ತಗ್ಗು ಮಾಡಿ ಕೊಟ್ರೆ ಅಮ್ಮಾವ್ರಿಗೆ ಕೈಯಿಟ್ಟ ತಕ್ಷಣ ಗೊತ್ತಾಗತ್ತೆ. ಮತ್ತೊಂದು ಸುಳ್ಳು ಆಗತ್ತೆ ಅಷ್ಟೇ." ಹಾಗೆಂದವಳೇ ಅಂಚನ್ನು ಮಾತ್ರ ತನ್ನ ಕಲ್ಲಿನಲ್ಲಿ ಸರಿಮಾಡಿದಳು. ನೆಲದ ಮೇಲೆ ಕೂತು, ಮಣೆಯ ಸವೆದ ಜಾಗಕ್ಕೇ ಕಾಲಿಟ್ಟು, ಅಡುಗೆಯವರ ಬುಟ್ಟಿಯಿಂದ ಬದನೆಕಾಯಿ ತೆಗೆದುಕೊಂಡಳು. ಎಂಟೇ ನಿಮಿಷಕ್ಕೆ ಒಂದು ಬುಟ್ಟಿ ಮುಗಿಸಿದಳು. ಅವಳ ಕೈ ನೋಡಲು ನಾವು ಹದಿನಾಲ್ಕು ಜನವೂ ಊಟ ಬಿಟ್ಟು ಬಂದು ಸುತ್ತ ನಿಂತೆವು, ಕೈಲಾಸ್ ಕೂಡ. ನಾವು ಸಂಗ್ರಹಿಸಿಟ್ಟು ಎಣ್ಣೆ ಹಚ್ಚುವ ವಸ್ತು ಯಾತಕ್ಕೆ ಇದೆ ಎಂದು ಅಲ್ಲಿ ಕಂಡಿತು. ನೀನು ಹೆಚ್ಚುವಾಗ ನಾನು ಇಪ್ಪತ್ತೊಂಬತ್ತು ವರ್ಷ ಪಕ್ಕದಲ್ಲೇ ಇದ್ದೆ, ಒಂದು ದಿನವೂ ಹೀಗೆ ನಿಂತು ನೋಡಲಿಲ್ಲ.

ಬದನೆಕಾಯಿಯ ರಸ ತಾಗಿ ಅಲಗಿನ ಮೇಲೆ ಕಪ್ಪು ಕಲೆ ಬಿದ್ದಿದೆ. ನಾನು ಒರೆಸಿಲ್ಲ. ಬಳಗದವರು ಕೇಳಿದರೆ ನಗುತ್ತಾರೆ. "ದಿನಾ ಹೆಚ್ಚಕ್ಕೆ ಕೊಡಿ, ಇಪ್ಪತ್ತು ವರ್ಷಕ್ಕೆ ಅವರದ್ದೇ ಒಂದು ತಗ್ಗು ಬೀಳತ್ತೆ" ಎಂದು ಬಸವಲಿಂಗಮ್ಮ ಹೇಳಿದಳು. ನಿನಗೀಗ ಐವತ್ತನಾಲ್ಕು. ಲೆಕ್ಕ ಹಾಕಿದೆ, ಆಗದ ಮಾತೇನಲ್ಲ.

ತೇಯ್ದದ್ದಕ್ಕೆ ಒಂದು ಕ್ಷಮೆ, ಪುಟ ತಿರುಗಿಸಿದ್ದಕ್ಕೆ ಇನ್ನೊಂದು. ಎರಡನೆಯದು ದೊಡ್ಡದು ಎಂದು ನನಗೆ ಗೊತ್ತು. ನಾಳೆ ಮುತ್ತುರಾಜನನ್ನು ಹುಡುಕಿ ಅವನಿಗೂ ಹೇಳಿ, ಆಮೇಲೆ ಈ ಪತ್ರವನ್ನು ಕಳಿಸುತ್ತೇನೆ.

ಇಂತಿ ನಿನ್ನ
ಮಹಾಂತೇಶ್

ಮರೆತ ಮಾತು, ಸೋಮವಾರ ಸಂಜೆ: ಮುತ್ತುರಾಜ ಕತ್ರಿಗುಪ್ಪೆಯಲ್ಲಿ ಸಿಕ್ಕಿದ. ಎಲ್ಲ ಹೇಳಿದೆ. ಅವನು ಚಕ್ರ ತುಳಿಯುವುದನ್ನು ನಿಲ್ಲಿಸಲೂ ಇಲ್ಲ. "ಅಮ್ಮಾವ್ರು ಅವತ್ತು ಸಾಯಂಕಾಲಾನೇ ಹುಡುಕ್ಕೊಂಡು ಬಂದಿದ್ರಲ್ಲ ಸಾರ್. ನಿನ್ ಕಲ್ಲು ಇಷ್ಟು ನೀಟಾಗಿ ತೇಯಲ್ಲಪ್ಪ, ಇದು ಸಾರ್ ಕೆಲ್ಸ, ನಿನ್ನ ಬೈದಿದ್ದು ತಪ್ಪಾಯ್ತು ಅಂದ್ರು. ಸಾರ್ ತಾವಾಗೇ ಬಂದು ಹೇಳ್ತಾರೆ, ಅಲ್ಲೀವರ್ಗೂ ಬಾಯಿ ಬಿಡ್ಬೇಡ ಅಂದ್ರು. ಲೇಟ್ ಮಾಡಿದ್ರಿ ಸಾರ್" ಅಂದ. ಪ್ರತಿ ಗುರುವಾರ ನಿಮ್ಮ ಅಕ್ಕನ ಮನೆಗೆ ಬರುತ್ತಾನಂತೆ, ನೀನು ಟೀ ಕೊಡುತ್ತೀಯಂತೆ. ಹಾಗಾಗಿ ಈ ಪತ್ರದಲ್ಲಿ ನಿನಗೆ ಗೊತ್ತಿಲ್ಲದ ಸುದ್ದಿ ಒಂದೂ ಇಲ್ಲ. ಆದರೂ ಇದನ್ನು ಹರಿದುಹಾಕಲಿಲ್ಲ. ಗುರುವಾರ ಅವನ ಜೊತೆ ನಾನೂ ಬರುತ್ತೇನೆ. ಈಳಿಗೆಯನ್ನು ನಿನ್ನ ಕೈಗೆ ಕೊಡುವುದಿಲ್ಲ, ಜಗಲಿಯ ಮೇಲೆ ಇಟ್ಟು ನಿಲ್ಲುತ್ತೇನೆ. ಎತ್ತಿಕೊಳ್ಳುವುದು ನಿನಗೆ ಬಿಟ್ಟದ್ದು.