ಗಾಳಿ ಹೋಗುವ ಕೊಳವೆ

ಮಾರ್ಚ್ ೧೨, ಗುರುವಾರ

...“ನೀರೊಳಗಿನ ಗಾಳಿ ಕಬ್ಬಿಣಾನೇ ತಿಂದ್ಬುಡ್ತೈತೆ, ಆ ಬಾಯಿ ಮುಚ್ಬ್ಯಾಡಿ ಸಾಮಿ” ಎಂದೋ ಏನೋ ಹೇಳಿದ್ದ, ನಮ್ಮ ರೇಷ್ಮೆ ಕಾರ್ಖಾನೆಯಲ್ಲಿ ಮೊದಲು ಬಾಯ್ಲರ್ ನೋಡಿಕೊಳ್ಳುತ್ತಿದ್ದ ಕೆಂಚಯ್ಯ. ಬಾಯ್ಲರಿಗೆ ಹೋಗುವ ಬಿಸಿನೀರಿನಿಂದ ಗಾಳಿಯನ್ನು ಹೊರಬಿಡುವ ಕೊಳವೆ ಅದು. ಜೊತೆಗೆ ಆವಿಯೂ ಪೋಲಾಗುತ್ತದೆಂದು ಎರಡು ವರ್ಷದ ಹಿಂದೆ ನಾನೇ ಮುಚ್ಚಿಸಿದೆ. ಅವನು ಕೆಲಸ ಬಿಟ್ಟು ತನ್ನೂರು ಮರಳವಾಡಿಗೆ ಹೋದ.

ಇಂದು ಬಾಯ್ಲರ್ ಬಿಚ್ಚಿದೆವು. ಒಳಗಿನ ಪೈಪುಗಳ ತುಂಬ ಗುಳಿ. ಸ್ಕ್ರೂಡ್ರೈವರ್ ಒತ್ತಿದರೆ ಸೀದಾ ಇಳಿಯಿತು. ಚಿಟ್ಟೆ ಕೊರೆದ ರೇಷ್ಮೆಗೂಡು.

ನೂಲು ತೆಗೆಯುವ ಕುಸುಮ ಇಣುಕಿ ನಕ್ಕಳು: “ಬೆಚ್ಚಗೈತೆ ಅಂತ ನಾನು ಎರಡು ವರ್ಸದಿಂದ ಇದಕ್ಕೇ ಒರಗಿ ಉಣ್ತಿದ್ನಲ್ಲ ಸಾರ್!”

ನನಗೆ ನಗಲಾಗಲಿಲ್ಲ. ಆವಿಯ ಒತ್ತಡಕ್ಕೆ ಇದು ಸಿಡಿದಿದ್ದರೆ ಅವಳು ಉಳಿಯುತ್ತಿರಲಿಲ್ಲ.

ಕೆಂಚಯ್ಯ, ಹೋಗುವ ದಿನ ನೀನು ಅವಳ ಬುತ್ತಿಯನ್ನು ಬಾಯ್ಲರಿನಿಂದ ದೂರ, ಬಾಗಿಲ ಬಳಿ ಎತ್ತಿಟ್ಟಿದ್ದು ಇದಕ್ಕೇನಾ?